ಅತ್ತೆಯ ತಿಂಗಳು, ಡಾಕ್ಟರ ವಾರ

ಮನೆಯ ಸೊಸೆ ಬಸುರಿಯೆಂದು ಗೊತ್ತಾದ ದಿನವೇ ಲೆಕ್ಕದ ಜಗಳವೂ ಆರಂಭವಾಗುತ್ತದೆ. ಜನವರಿ 10ರಂದು ಮುಟ್ಟಾದ ಹುಡುಗಿಯೊಬ್ಬಳಿಗೆ ಜನವರಿ 20ರಂದು ಮದುವೆಯಾಯಿತೆಂದೂ, ಫೆಬ್ರವರಿ 7ರ ಸುಮಾರಿಗೆ ಮತ್ತೆ ಆಗಬೇಕಾಗಿದ್ದ ಮುಟ್ಟು ಆಗಲಿಲ್ಲವೆಂದೂ ಇಟ್ಟುಕೊಳ್ಳಿ. ಮಾರ್ಚ್ 14ರಂದು ಅತ್ತೆಯೊಡನೆಯೂ ಗಂಡನೊಡನೆಯೂ ಆಕೆ ವೈದ್ಯರಲ್ಲಿಗೆ ಬರುತ್ತಾಳೆ. ‘ಒಂದು ತುಂಬಿ ಎರಡರಲ್ಲಿ ಬಿದ್ದಿದೆ’ ಎಂದು ಅತ್ತೆ ಹೇಳುತ್ತಾರೆ. ಮುಟ್ಟು ತಪ್ಪಿದ ದಿನದಿಂದ ಅವರ ಎಣಿಕೆ. ಗಂಡನಿಗೆ ತಕ್ಕಮಟ್ಟಿಗೆ ಪುಸ್ತಕಜ್ಞಾನ ಉಂಟು. ಕೂಸು ಮೂಡಿದ್ದು ಜನವರಿ 24ರ ಆಚೀಚೆ ಇರಬೇಕು, ಆದ್ದರಿಂದ ಏಳು ವಾರ ಎಂದು ಅವನ ವಾದ. ವೈದ್ಯರು ಇಬ್ಬರ ಮಾತನ್ನೂ ಕೇಳಿ ಚೀಟಿಯ ಮೇಲೆ ‘9 ವಾರ’ ಎಂದು ಬರೆದುಕೊಡುತ್ತಾರೆ. ಮನೆಗೆ ಬಂದ ಮೇಲೆ ಅತ್ತೆಯವರು ಬೆರಳು ಮಡಿಸಿ ನೋಡುತ್ತಾರೆ. ಮದುವೆಯಾಗಿ ಎಂಟು ವಾರ ಇನ್ನೂ ತುಂಬಿಲ್ಲ. ಬಸಿರಿಗೆ ಮಾತ್ರ ಒಂಬತ್ತು ವಾರವೆ?

ನಗಬೇಡಿ. ಈ ಒಂದು ಅಂಕಿಯಿಂದ ಹೊಸದಾಗಿ ಕಾಲಿಟ್ಟ ಮನೆಯಲ್ಲಿ ತಲೆಯೆತ್ತಲಾಗದೆ ಕಣ್ಣೀರಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ. ಬಾಯಿಬಿಟ್ಟು ಯಾರೂ ಏನನ್ನೂ ಅನ್ನುವುದಿಲ್ಲ. ಅಡಿಗೆಮನೆಯಲ್ಲಿ ಮಾತು ಕಡಿಮೆಯಾಗುತ್ತದೆ, ಅಷ್ಟೆ. ವೈದ್ಯರು ಎರಡು ನಿಮಿಷ ವಿವರಿಸಿದ್ದರೆ ತಪ್ಪುತ್ತಿದ್ದ ಸಂಕಟ ಅದು. ಆ ಎರಡು ನಿಮಿಷದ ಕೆಲಸವನ್ನು ಈ ಸಲದ ಅಂಕಣದಲ್ಲಿ ಮಾಡುತ್ತೇನೆ.

ಮೂವರ ಲೆಕ್ಕವೂ ಅವರವರ ಮಟ್ಟಿಗೆ ಸರಿಯೇ. ಅಂಡವು ಫಲಿಸಿದ ಗಳಿಗೆಯನ್ನು ಕಂಡವರು ಯಾರೂ ಇಲ್ಲ. ಕಣ್ಣಿಗೆ ಕಾಣುವ, ದಿನಾಂಕ ಹೇಳಬಲ್ಲ ಸಂಗತಿಯೆಂದರೆ ಕೊನೆಯ ಮುಟ್ಟಿನ ಮೊದಲ ದಿನ ಒಂದೇ. ಆದಕಾರಣ ಜಗತ್ತಿನ ವೈದ್ಯರೆಲ್ಲ ಅಲ್ಲಿಂದಲೇ ವಾರಗಳನ್ನು ಎಣಿಸುತ್ತಾರೆ. ಈ ಎಣಿಕೆಯ ಮೊದಲ ಎರಡು ವಾರ ಹೊಟ್ಟೆಯಲ್ಲಿ ಕೂಸೆಂಬುದೇ ಇರುವುದಿಲ್ಲ! ನಮ್ಮ ಹುಡುಗಿಯ ‘ಬಸಿರಿನ’ ಮೊದಲ ವಾರದಲ್ಲಿ ಆಕೆ ಮದುವೆಯ ಸೀರೆಗೆ ರವಿಕೆ ಹೊಲಿಸುತ್ತಿದ್ದಳು. ಅತ್ತೆಯಂದಿರು ಇದನ್ನು ದಯವಿಟ್ಟು ಗಮನಿಸಬೇಕು.

ಕೊನೆಯ ಮುಟ್ಟಿನ ದಿನಕ್ಕೆ ಒಂಬತ್ತು ತಿಂಗಳನ್ನೂ ಏಳು ದಿನಗಳನ್ನೂ ಕೂಡಿಸಿದರೆ ಹೆರಿಗೆಯ ದಿನ ದೊರೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿದ್ದ ಪ್ರಸೂತಿ ಪಂಡಿತ ಫ್ರಾಂಜ್ ನೇಗಲೆಯ ಹೆಸರಿನಲ್ಲಿ ಈ ಸೂತ್ರ ಇಂದಿಗೂ ನಡೆದಿದೆ. ಜನವರಿ 10ಕ್ಕೆ ಕೂಡಿಸಿದರೆ ಅಕ್ಟೋಬರ್ 17. ಒಟ್ಟು 280 ದಿನ, ಅಂದರೆ ನಲವತ್ತು ವಾರ. ಋತುಚಕ್ರ ಇಪ್ಪತ್ತೆಂಟು ದಿನಗಳದ್ದಾಗಿ, ತಪ್ಪದೆ ನಡೆಯುತ್ತಿದ್ದವರಿಗೆ ಮಾತ್ರ ಈ ಸೂತ್ರ ಚೆನ್ನಾಗಿ ಒಪ್ಪುತ್ತದೆ. ಹೇಳಿದ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು. ಉಳಿದವರಲ್ಲಿ ಹೆಚ್ಚಿನವರು ಆ ದಿನದ ಹಿಂದೆಮುಂದೆ ಎರಡು ವಾರದೊಳಗೆ ಬರುತ್ತಾರೆ. ಇನ್ನೊಂದು ಸ್ವಾರಸ್ಯವುಂಟು. ನಾವು ಮಾತಿನಲ್ಲಿ ‘ನವಮಾಸ’ ಎನ್ನುತ್ತೇವೆ. ಋಗ್ವೇದದ ಐದನೆಯ ಮಂಡಲದ ಸೂಕ್ತವೊಂದು ಹತ್ತು ತಿಂಗಳ ಶಿಶು ಸುಖವಾಗಿ ಹೊರಬರಲೆಂದು ಹಾರೈಸುತ್ತದೆ. ಇಪ್ಪತ್ತೆಂಟು ದಿನಗಳ ತಿಂಗಳಾದರೆ ಹತ್ತು ತಿಂಗಳಿಗೆ ಸರಿಯಾಗಿ 280 ದಿನ. ಅಜ್ಜಿಗೂ ಋಷಿಗೂ ಜಗಳವೇನೂ ಇಲ್ಲ, ತಿಂಗಳು ಬೇರೆ.

ಈಗ ಕೂಸಿನ ಕಡೆಗೆ ತಿರುಗೋಣ. ಜನವರಿ 24ರ ಸುಮಾರಿಗೆ ಫಲಿತವಾದ ಅಂಡ ಒಂದಿದ್ದುದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತ ಗರ್ಭಕೋಶದತ್ತ ಸಾಗುತ್ತದೆ. ಆರರಿಂದ ಹತ್ತು ದಿನಗಳಲ್ಲಿ ಗರ್ಭಕೋಶದ ಒಳಪದರದಲ್ಲಿ ನೆಲೆಯೂರುತ್ತದೆ. ಫೆಬ್ರವರಿ 7ರಂದು ಮುಟ್ಟು ತಪ್ಪಿದಾಗ ಡಾಕ್ಟರ ಲೆಕ್ಕದಲ್ಲಿ ಆಗಲೇ ನಾಲ್ಕು ವಾರ ಕಳೆದಿರುತ್ತದೆ. ಇನ್ನೊಂದು ವಾರಕ್ಕೆ ಎಳ್ಳುಕಾಳಿನಷ್ಟಾಗುವ ಆ ಜೀವದಲ್ಲಿ, ಫೆಬ್ರವರಿ 15ರ ಹೊತ್ತಿಗೆ, ಹೃದಯವಾಗಲಿರುವ ಪುಟ್ಟ ಕೊಳವೆ ಮಿಡಿಯತೊಡಗುತ್ತದೆ. ಮುಂದೆ ಮಿದುಳೂ ಬೆನ್ನುಹುರಿಯೂ ಆಗಬೇಕಾದ ಪಟ್ಟಿಯೊಂದು ಎರಡೂ ಅಂಚುಗಳಿಂದ ಮಡಿಚಿ ಕೊಳವೆಯಂತಾಗಿ, ಫೆಬ್ರವರಿ 21ರ ವೇಳೆಗೆ ಮುಚ್ಚಿಕೊಂಡುಬಿಡುತ್ತದೆ. ಮುಚ್ಚದೆ ಉಳಿದರೆ ಬೆನ್ನುಮೂಳೆ ಸೀಳಿದ ಕೂಸು ಹುಟ್ಟಬಹುದು, ಇಲ್ಲವೆ ತಲೆಬುರುಡೆಯೇ ಬೆಳೆಯದ, ಬದುಕಲಾರದ ಕೂಸು. ನಮ್ಮ ಹುಡುಗಿ ವೈದ್ಯರ ಮುಂದೆ ಕುಳಿತದ್ದು ಮಾರ್ಚ್ 14ರಂದು. ಅಷ್ಟು ಹೊತ್ತಿಗೆ ಕೂಸು ತಲೆಯಿಂದ ಪೃಷ್ಠದವರೆಗೆ ಎರಡು ಸೆಂಟಿಮೀಟರಿಗೆ ತುಸು ಹೆಚ್ಚು. ಕೈಕಾಲು ಮೂಡಿ, ಬೆರಳುಗಳು ಬಿಡಿಯಾಗತೊಡಗಿರುತ್ತವೆ. ಬೆನ್ನಿನ ಕೆಲಸ ಮುಗಿದು ಮೂರು ವಾರವಾಗಿರುತ್ತದೆ.

ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಬುದ್ಬುದ, ಅರ್ಧ ತಿಂಗಳಿಗೆ ಪಿಂಡ ಎಂದು ಕ್ರಮವಾಗಿ ಎಣಿಸುತ್ತ ಹೋಗಿ ತಲೆಯನ್ನು ಎರಡನೆಯ ತಿಂಗಳಿಗೂ ಬೆನ್ನೆಲುಬನ್ನು ಐದನೆಯದಕ್ಕೂ ಹೇಳುತ್ತದೆ. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಇಷ್ಟು ಯೋಚಿಸಿದವರ ಬುದ್ಧಿಗೆ ತಲೆಬಾಗಬೇಕು. ಆದರೆ ಬೆನ್ನಿನ ವಿಷಯದಲ್ಲಿ ಕಾಲ ಅವರು ಬಗೆದುದಕ್ಕಿಂತ ಬಹಳ ಮುಂಚೆ. ಮನೆಯವರೆಲ್ಲ ವಾರವಾರವೂ ಕುತೂಹಲದಿಂದ ಎಣಿಸುವ ಈ ಬೆಳವಣಿಗೆಯಲ್ಲಿ ಅತಿ ಮುಖ್ಯವಾದ ವಾರಗಳು ಎಣಿಕೆ ಶುರುವಾಗುವ ಮುನ್ನವೇ ಕಳೆದುಹೋಗುತ್ತವೆಂಬುದನ್ನು ನಮ್ಮ ಮನೆಗಳು ಇನ್ನೂ ಅರಿತಿಲ್ಲ.

ಅರಿಯದಿರುವುದಕ್ಕೆ ನಮ್ಮದೊಂದು ಪದ್ಧತಿಯೂ ಕಾರಣ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಈ ಪದ್ಧತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತಿಳಿದುಬಂದ ಬಸಿರುಗಳಲ್ಲಿ ನೂರಕ್ಕೆ ಹತ್ತರಿಂದ ಇಪ್ಪತ್ತು ತಾವಾಗಿಯೇ ಇಳಿದುಹೋಗುವುದುಂಟು. ಬಹುಪಾಲು ಮೊದಲ ಮೂರು ತಿಂಗಳಲ್ಲಿಯೇ. ಊರಿಗೆಲ್ಲ ಸಿಹಿ ಹಂಚಿದ ಮೇಲೆ ಹಾಗಾದರೆ, ಕಂಡಕಂಡವರಿಗೆ ಉತ್ತರ ಹೇಳುವ ಪಾಡು ಆ ಹುಡುಗಿಯದು. ಅದನ್ನು ತಪ್ಪಿಸಲು ಹಿರಿಯರು ಬಾಯಿಗೆ ಬೀಗ ಹಾಕಿದರು. ಹೀಗೆ ಬೇಗ ಇಳಿದುಹೋಗುವ ಬಸಿರುಗಳಲ್ಲಿ ಅರ್ಧದಷ್ಟಕ್ಕೆ ಕಾರಣ, ವಂಶತಂತುಗಳು ಕೂಡುವಾಗಲೇ ಸಂಖ್ಯೆ ತಪ್ಪಿರುವುದು. ಬಿಂದಿಗೆ ಎತ್ತಿದ್ದರಿಂದ, ಮೆಟ್ಟಿಲು ಹತ್ತಿದ್ದರಿಂದ, ಸ್ಕೂಟರಿನ ಹಿಂದೆ ಕುಳಿತದ್ದರಿಂದ ಹೋಯಿತೆಂದು ಸೊಸೆಯನ್ನು ದೂರುವ ಮನೆಗಳು ಈ ಸಾಲನ್ನು ಎರಡು ಸಲ ಓದಲಿ.

ಊರಿಗೆ ಹೇಳದಿರುವುದು ಒಂದು, ವೈದ್ಯರಿಗೂ ಹೇಳದಿರುವುದು ಇನ್ನೊಂದು. ಅತ್ತೆಯವರ ಎಣಿಕೆಯಂತೆ ಮೂರು ತಿಂಗಳು ತುಂಬುವುದು ಮೇ 7ಕ್ಕೆ. ಆಗ ಡಾಕ್ಟರ ಲೆಕ್ಕದಲ್ಲಿ ಹದಿನಾರು ವಾರ ಕಳೆದು ಹದಿನೇಳನೆಯದು ಮುಗಿಯುತ್ತ ಬಂದಿರುತ್ತದೆ. ಅಲ್ಲಿಯವರೆಗೆ ಕಾದು ಬರುವ ಬಸುರಿಗೆ ಮೊದಲ ವಾರಗಳ ವಿಷಯದಲ್ಲಿ ವೈದ್ಯರು ಮಾಡಬಹುದಾದದ್ದು ಏನೂ ಉಳಿದಿರುವುದಿಲ್ಲ.

ಏನು ಮಾಡಬಹುದಾಗಿತ್ತು? ಈ ಪ್ರಶ್ನೆಗೆ ಉತ್ತರ ಹುಟ್ಟಿದ ಕಥೆ ನಮ್ಮ ದೇಶಕ್ಕೇ ಸೇರಿದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಮುಂಬಯಿಗೆ ಬಂದರು. ಅಲ್ಲಿಯ ಬಟ್ಟೆ ಗಿರಣಿಗಳ ಬಡ ಹೆಂಗಸರು ಬಸುರಿನಲ್ಲಿ ರಕ್ತ ಬತ್ತಿ ಸಾಯುತ್ತಿದ್ದುದರ ಕಾರಣವನ್ನು ಹುಡುಕುವುದು ಅವರ ಕೆಲಸವಾಗಿತ್ತು. ಬ್ರೆಡ್ಡಿಗೆ ಸವರಿಕೊಂಡು ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರವನ್ನು ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡುದನ್ನು ಅವರು 1931ರಲ್ಲಿ ಪ್ರಕಟಿಸಿದರು. ಸಾರದಲ್ಲಿದ್ದ ವಸ್ತು ಏನೆಂಬುದು ಆಗ ತಿಳಿಯಲಿಲ್ಲ. 1941ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಅರೆದು, ಸೋಸಿ ಆ ವಸ್ತುವನ್ನು ತೆಗೆದರು. ಎಲೆಯಿಂದ ಬಂದದ್ದೆಂದು ಲ್ಯಾಟಿನ್ ಭಾಷೆಯ ಎಲೆಯ ಹೆಸರಿನಿಂದ ಫೋಲಿಕ್ ಆಮ್ಲವೆಂದು ಕರೆದರು. 1945ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಲೆಡರ್ಲೆ ಸಂಸ್ಥೆಯ ತಂಡದ ಮುಖ್ಯಸ್ಥರು ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್. ಈ ಆಮ್ಲಕ್ಕೂ ಕೂಸಿನ ಬೆನ್ನಿಗೂ ಇರುವ ನಂಟು 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಲಿಯ ಪರೀಕ್ಷೆಯಿಂದ ನಿಸ್ಸಂದೇಹವಾಗಿ ಸಿದ್ಧವಾಯಿತು. ಹಿಂದೆ ಅಂಥ ಕೂಸನ್ನು ಹೆತ್ತ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿನಿಂದಲೂ ಇದನ್ನು ಕೊಟ್ಟಾಗ, ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ಕಡಿಮೆಯಾಯಿತು.

ಕೊಡಬೇಕಾದದ್ದು ದಿನಕ್ಕೆ 400 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಸಾವಿರದ ಒಂದು ಪಾಲಿನ ಅರ್ಧಕ್ಕೂ ಕಡಿಮೆ. ಬೆಲೆಯೂ ಅಷ್ಟೇ ಅಲ್ಪ. ಬಸಿರು ನಿಲ್ಲುವ ಕನಿಷ್ಠ ಒಂದು ತಿಂಗಳ ಮೊದಲು ಆರಂಭಿಸಿ ಹನ್ನೆರಡು ವಾರ ತುಂಬುವವರೆಗೆ ನಡೆಸಬೇಕು. ಹಿಂದೊಮ್ಮೆ ಅಂಥ ಕೂಸು ಹುಟ್ಟಿದ್ದರೆ ಪ್ರಮಾಣ ಹೆಚ್ಚು, ಅದನ್ನು ವೈದ್ಯರೇ ಹೇಳಬೇಕು. ಸೊಪ್ಪಿನಲ್ಲಿಯೂ ಕಾಳುಗಳಲ್ಲಿಯೂ ಇದು ಇದೆಯಾದರೂ ನಾವು ಸೊಪ್ಪನ್ನು ಬೇಯಿಸಿ ಬಸಿದು ಬಹುಭಾಗವನ್ನು ಕಳೆದುಬಿಡುತ್ತೇವೆ. ಮದುವೆಯ ವೇಳೆ ಹುಡುಗಿಗೆ ಇಪ್ಪತ್ತು ಸೀರೆ ಕೊಡಿಸುವ ತವರಿನವರು ಈ ಮಾತ್ರೆಯ ಒಂದು ಡಬ್ಬಿಯನ್ನೂ ಪೆಟ್ಟಿಗೆಯಲ್ಲಿಟ್ಟರೆ ನಷ್ಟವಾಗದು.

ಆ ಮೊದಲ ವಾರಗಳಲ್ಲಿ ಬೇಕಾದದ್ದು ಸಿಗದಿರುವುದರಷ್ಟೇ ಬೇಡವಾದದ್ದು ಸೇರುವುದೂ ಅಪಾಯ. 1941ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆಯಿದ್ದ ಎಳೆಗೂಸುಗಳು ಒಂದರ ಮೇಲೊಂದು ಬರುತ್ತಿರುವುದನ್ನು ಕಂಡು ಬೆರಗಾದರು. ಬಸುರಿನ ಮೊದಮೊದಲಿಗೆ ನಮಗೆ ಜರ್ಮನ್ ದಡಾರ ಆಗಿತ್ತೆಂದು ಹೊರಗೆ ಕಾದು ಕುಳಿತ ತಾಯಂದಿರು ಮಾತಾಡಿಕೊಂಡದ್ದು ಅವರ ಕಿವಿಗೆ ಬಿತ್ತೆಂದು ಹೇಳುತ್ತಾರೆ. ಅವರು 78 ಕೂಸುಗಳ ವೃತ್ತಾಂತವನ್ನು ಕಲೆಹಾಕಿ ಪ್ರಕಟಿಸಿದರು. ಗರ್ಭಚೀಲ ಕೋಟೆಯಂತೆ ಕೂಸನ್ನು ಕಾಯುತ್ತದೆಂಬ ಹಳೆಯ ನಂಬಿಕೆ ಅಲ್ಲಿಗೆ ಸಡಿಲಿತು. ರುಬೆಲ್ಲಾ ಎಂಬ ಈ ದಡಾರಕ್ಕೆ ಈಗ ಲಸಿಕೆಯುಂಟು. ನಮ್ಮ ದೇಶದ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ 2017ರಲ್ಲಿ ಆರಂಭವಾದಾಗ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಹಾಕಿಸಿಕೊಳ್ಳದವರು ಬಸಿರಿಗೆ ಒಂದು ತಿಂಗಳಾದರೂ ಮೊದಲು ಹಾಕಿಸಿಕೊಳ್ಳಬೇಕು, ಬಸಿರಾದ ಮೇಲೆ ಕೂಡದು.

ಥ್ಯಾಲಿಡೊಮೈಡ್ ಎಂಬ ನಿದ್ರೆಯ ಗುಳಿಗೆಯ ಕಥೆ ಇನ್ನೂ ಘೋರ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಬಸುರಿಯರ ವಾಂತಿಗೂ ಒಳ್ಳೆಯದೆಂದು ಹೆಸರಾಗಿ, 1961ರ ಕೊನೆಗೆ ಹಿಂದಕ್ಕೆ ತೆಗೆಯಲ್ಪಡುವಷ್ಟರಲ್ಲಿ ಕೈಕಾಲು ಬೆಳೆಯದ ಹತ್ತು ಸಾವಿರಕ್ಕೂ ಮಿಕ್ಕ ಕೂಸುಗಳು ಹುಟ್ಟಿದವು. ಹಾನಿಯಾದದ್ದು ಕೊನೆಯ ಮುಟ್ಟಿನಿಂದ 34ನೆಯ ದಿನಕ್ಕೂ 50ನೆಯ ದಿನಕ್ಕೂ ನಡುವೆ ಆ ಗುಳಿಗೆ ನುಂಗಿದವರಿಗೆ. ನಮ್ಮ ಹುಡುಗಿಯ ಪಂಚಾಂಗದಲ್ಲಿ ಅದು ಫೆಬ್ರವರಿ 13ರಿಂದ ಮಾರ್ಚ್ 1ರವರೆಗೆ. ಗಾಬರಿ ಬೇಡ, ಗೊತ್ತಿಲ್ಲದೆ ನುಂಗಿದ ಒಂದು ತಲೆನೋವಿನ ಮಾತ್ರೆಗೆ ರಾತ್ರಿಯಿಡೀ ಅಳಬೇಕಾಗಿಲ್ಲ. ಆದರೆ ಮೂರ್ಛೆರೋಗಕ್ಕೋ ರಕ್ತದೊತ್ತಡಕ್ಕೋ ಮೊಡವೆಗೋ ದಿನವೂ ಔಷಧ ತೆಗೆದುಕೊಳ್ಳುವವರು ಬಸಿರಿನ ಯೋಚನೆ ಬಂದಾಗಲೇ ವೈದ್ಯರನ್ನು ಕೇಳಬೇಕು. ತಾವಾಗಿ ನಿಲ್ಲಿಸುವುದೂ ತಪ್ಪು.

ಹನ್ನೆರಡನೆಯ ವಾರದಿಂದ ಇಪ್ಪತ್ತರವರೆಗಿನ ಕಾಲ ನೆಮ್ಮದಿಯದು, ಅದನ್ನು ಬೇಗ ದಾಟೋಣ. ಐದೂವರೆ ಸೆಂಟಿಮೀಟರಿನಷ್ಟಿದ್ದ ಕೂಸು ಇಪ್ಪತ್ತನೆಯ ವಾರಕ್ಕೆ ಅಡಿಯಿಂದ ಮುಡಿಯವರೆಗೆ ಗೇಣಿಗಿಂತ ಉದ್ದವಾಗಿ, ಸುಮಾರು ಮುನ್ನೂರು ಗ್ರಾಂ ತೂಗುತ್ತದೆ. ಬೆರಳ ತುದಿಯ ಗೆರೆಗಳು ಮೂಡುವುದೂ ಈ ಅವಧಿಯಲ್ಲಿಯೇ. ಕೇಸರಿ ಹಾಲು ಕುಡಿದರೆ ಕೂಸು ಬೆಳ್ಳಗಾಗುತ್ತದೆಯೇ ಎಂದು ಕೇಳುವವರು ಬಹಳ ಮಂದಿ. ಆಗುವುದಿಲ್ಲ, ಹಾಲು ಮಾತ್ರ ಒಳ್ಳೆಯದು. ಗಂಡೋ ಹೆಣ್ಣೋ ಎಂದು ತಿಳಿಯುವ ಆಸೆಯಿಂದ ಸ್ಕ್ಯಾನಿನವರನ್ನು ಕಾಡುವವರೂ ಉಂಟು. 1994ರ ಕಾಯಿದೆಯಂತೆ ಹಾಗೆ ಹೇಳುವುದು ಅಪರಾಧ, ಕೇಳಿ ಹೇಳಿಸಿಕೊಳ್ಳುವುದೂ ಅಪರಾಧ.

ಚೊಚ್ಚಲ ಬಸುರಿಗೆ ಹದಿನೆಂಟರಿಂದ ಇಪ್ಪತ್ತನೆಯ ವಾರದಲ್ಲಿ ಕೂಸಿನ ಮಿಸುಕಾಟ ಮೊದಲ ಸಲ ತಿಳಿಯುತ್ತದೆ; ಎರಡನೆಯ ಬಸಿರಿನಲ್ಲಿ ಸ್ವಲ್ಪ ಮುಂಚೆ. ಸುಶ್ರುತ ಸಂಹಿತೆ ನಾಲ್ಕನೆಯ ತಿಂಗಳಲ್ಲಿ ಕೂಸಿನ ಹೃದಯ ಪ್ರಕಟವಾಗುತ್ತದೆಂದೂ, ಆದಕಾರಣ ಬಸುರಿಗೆ ಎರಡು ಹೃದಯವೆಂದೂ, ಆಕೆಯ ಬಯಕೆ ಕೂಸಿನದೇ ಬಯಕೆಯೆಂದೂ ಹೇಳುತ್ತದೆ. ಹೃದಯ ಮಿಡಿಯುವುದು ಅದಕ್ಕಿಂತ ಎಷ್ಟೋ ಮುಂಚೆ ಎಂಬುದನ್ನು ಆಗಲೇ ನೋಡಿದೆವು. ಆದರೂ ರುಚಿಯ ವಿಷಯದಲ್ಲಿ ಸುಶ್ರುತನ ಮಾತಿಗೆ ಎಲ್ಲಿಯೋ ಒಂದು ಬೇರುಂಟು. ತಾಯಿ ಉಂಡುದರ ರುಚಿ ಗರ್ಭದ ನೀರಿಗೆ ಇಳಿಯುತ್ತದೆ. ಕೂಸು ಆ ನೀರನ್ನು ನುಂಗುತ್ತಲೇ ಇರುತ್ತದೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಗಜ್ಜರಿಯ ರಸ ಕುಡಿದ ತಾಯಂದಿರ ಕೂಸುಗಳು ಮುಂದೆ ಗಜ್ಜರಿ ಬೆರೆಸಿದ ಆಹಾರವನ್ನು ಹೆಚ್ಚು ಮೆಚ್ಚಿಕೊಂಡುವೆಂದು ಅಮೆರಿಕದಲ್ಲಿ 2001ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ತೋರಿಸಿತು. ಸೀಮಂತದ ಎಲೆಯಲ್ಲಿ ಬಗೆಬಗೆಯ ಚಿತ್ರಾನ್ನ ಬಡಿಸುವವರು ಇದನ್ನು ಕೇಳಿ ಹಿಗ್ಗಬಹುದು.

ಅಭಿಮನ್ಯುವಿನ ಪ್ರಸ್ತಾಪವಿಲ್ಲದೆ ನಮ್ಮಲ್ಲಿ ಈ ವಿಷಯ ಮುಗಿಯುವಂತಿಲ್ಲ. ಇಪ್ಪತ್ತೈದನೆಯ ವಾರದ ಹೊತ್ತಿಗೆ ಕೂಸು ಶಬ್ದಕ್ಕೆ ಬೆಚ್ಚುತ್ತದೆ, ಮಿಸುಕುತ್ತದೆ. ಹುಟ್ಟಿ ಮೂರು ದಿನವೂ ಕಳೆಯದ ಕೂಸುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಆರಿಸಿಕೊಳ್ಳುತ್ತವೆಂದು 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟರು. ಚಕ್ರವ್ಯೂಹದ ಪಾಠ ಹೊಟ್ಟೆಯೊಳಗೆ ಇಳಿಯದು. ತಾಯಿಯ ದನಿ ಇಳಿಯುತ್ತದೆ. ಹೊಟ್ಟೆಯ ಮೇಲೆ ಯಂತ್ರವಿಟ್ಟು ಪಾಠ ಕೇಳಿಸುವುದಕ್ಕೆ ಹಣ ಕೊಡಬೇಡಿ. ಆಕೆಯನ್ನು ನಗುನಗುತ್ತ ಮಾತಾಡಿಸಿದರೆ ಸಾಕು.

ಇಪ್ಪತ್ತೆಂಟನೆಯ ವಾರಕ್ಕೆ, ನಮ್ಮ ಹುಡುಗಿಗೆ ಜುಲೈ 25ಕ್ಕೆ, ಕೂಸಿನ ತೂಕ ಹೆಚ್ಚುಕಡಿಮೆ ಒಂದು ಕಿಲೋಗ್ರಾಂ. ಇನ್ನುಳಿದ ಹನ್ನೆರಡು ವಾರಗಳಲ್ಲಿ ಅದು ಎರಡೂವರೆ, ಮೂರು ಪಟ್ಟಾಗಬೇಕು. ಜೊತೆಗೆ ಹುಟ್ಟಿದ ಮೇಲಿನ ಹಲವು ತಿಂಗಳಿಗೆ ಬೇಕಾದ ಕಬ್ಬಿಣವನ್ನೂ ಈಗಲೇ ತಾಯಿಯಿಂದ ಹೀರಿಟ್ಟುಕೊಳ್ಳಬೇಕು. ತಾಯಿಯಲ್ಲಿಯೇ ಇಲ್ಲದಿದ್ದರೆ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಬಸುರಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ. ಬಡವರ ಕಾಯಿಲೆಯೆಂದು ತಿಳಿಯಬೇಡಿ. ಊಟವಾದ ಒಡನೆ ಕಾಫಿ ಕುಡಿಯುವ ನಮ್ಮ ಮನೆಗಳಲ್ಲಿಯೂ ಇದೆ. ಕಾಫಿ, ಚಹಾಗಳು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ, ನಿಂಬೆಯ ಹುಳಿ ಹತ್ತಿಸುತ್ತದೆ. ಮೂರು ತಿಂಗಳು ಕಳೆದ ಮೇಲೆ ಕಬ್ಬಿಣದ ಮಾತ್ರೆಯನ್ನು ದಿನಕ್ಕೊಂದರಂತೆ 180 ದಿನ ತೆಗೆದುಕೊಳ್ಳಬೇಕೆಂಬುದು ಸರ್ಕಾರದ ನಿಯಮ. ಮಲ ಕಪ್ಪಾಯಿತೆಂದು ಹೆದರಿ ಬಿಟ್ಟುಬಿಡುವವರು ಬಹಳ, ಕಪ್ಪಾಗುವುದು ಸಹಜ.

ಎಲ್ಲಕ್ಕಿಂತ ಕೊನೆಗೆ ಸಿದ್ಧವಾಗುವುದು ಶ್ವಾಸಕೋಶ. ಉಸಿರು ಬಿಟ್ಟಾಗ ಅದರ ಪುಟ್ಟ ಗೂಡುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುವ ಒಂದು ಬಗೆಯ ನೊರೆಯಂಥ ವಸ್ತು ಬೇಕು. ಅದು ಇಪ್ಪತ್ತನಾಲ್ಕನೆಯ ವಾರದ ಸುಮಾರಿಗೆ ಒಸರತೊಡಗಿ, ಸಾಕಷ್ಟಾಗುವುದು ಮೂವತ್ತೈದರ ಹೊತ್ತಿಗೆ. ಅವಧಿಗೆ ಮುನ್ನ ಹುಟ್ಟಿದ ಕೂಸುಗಳು ಉಸಿರುಕಟ್ಟಿ ಸಾಯುವುದು ಇದರ ಕೊರತೆಯಿಂದಲೇ ಎಂಬುದನ್ನು 1959ರಲ್ಲಿ ಮೇರಿ ಎಲೆನ್ ಏವರಿ ಎಂಬ ವೈದ್ಯೆ ಕಂಡುಹಿಡಿದರು. ಆದರೆ ಚಿಕಿತ್ಸೆ ಆಗ ಇರಲಿಲ್ಲ. 1963ರ ಆಗಸ್ಟಿನಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲೇ ಹುಟ್ಟಿ ಎರಡು ದಿನವೂ ಬದುಕಲಿಲ್ಲ. ಅಧ್ಯಕ್ಷನ ಕೂಸಿಗೂ ಏನೂ ಮಾಡಲಾಗಲಿಲ್ಲ! 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ, ಬೇಗನೆ ಹೆರುವ ಭಯವಿದ್ದ ತಾಯಂದಿರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿನ ಶ್ವಾಸಕೋಶ ಬೇಗ ಬಲಿಯುತ್ತದೆಂದು ತೋರಿಸಿದರು. ಇಂದು ಅದೇ ಚುಚ್ಚುಮದ್ದು ಅಸಂಖ್ಯ ಕೂಸುಗಳನ್ನು ಉಳಿಸುತ್ತಿದೆ. ಅದನ್ನು ಮುಖ್ಯವಾಗಿ ಕೊಡುವುದು ಇಪ್ಪತ್ತನಾಲ್ಕರಿಂದ ಮೂವತ್ತನಾಲ್ಕನೆಯ ವಾರದವರೆಗೆ. ನಡುರಾತ್ರಿ ನೋವೆಂದು ಬಂದವಳು ಎಷ್ಟು ವಾರದವಳೆಂದು ಗೊತ್ತಿಲ್ಲದಿದ್ದರೆ ವೈದ್ಯರು ಕತ್ತಲಲ್ಲಿ ತಡಕಬೇಕಾಗುತ್ತದೆ. ‘ಎಂಟೋ ಒಂಬತ್ತೋ’ ಎಂದು ಜೊತೆಗೆ ಬಂದವರು ಹೇಳುವ ಉತ್ತರದಿಂದ ಏನು ತಿಳಿಯಬೇಕು?

ಕೆಲವು ವರ್ಷಗಳ ಹಿಂದೆ ಕಂಡದ್ದನ್ನು ಹೇಳುತ್ತೇನೆ. ಮುಟ್ಟು ಕ್ರಮವಾಗಿ ಬಾರದ ಹೆಣ್ಣುಮಗಳೊಬ್ಬಳು ಅಳುತ್ತ ನನ್ನಲ್ಲಿಗೆ ಬಂದಳು. ಲೆಕ್ಕದಂತೆ ಮೂವತ್ತೊಂಬತ್ತು ವಾರ; ಕೂಸಿನ ತೂಕ ಎರಡೂಕಾಲು ಕಿಲೋ. ಬೆಳವಣಿಗೆ ನಿಂತುಹೋಗಿದೆ, ಎರಡು ದಿನದೊಳಗೆ ಹೆರಿಗೆ ಮಾಡಿಸಬೇಕೆಂದು ಒಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಮೊದಲ ತಿಂಗಳುಗಳಲ್ಲಿ ಸ್ಕ್ಯಾನ್ ಆಗಿರಲಿಲ್ಲವೇ ಎಂದರೆ ಆಗಿತ್ತು, ಚೀಟಿ ಎಲ್ಲಿಯೋ ಇದೆ ಎಂದಳು. ಗಂಡ ಮನೆಗೆ ಓಡಿದ. ಬೀರುವಿನಲ್ಲಿ ಸೀರೆಗಳ ಅಡಿಯಲ್ಲಿ ಇಲ್ಲ, ದೇವರ ಮನೆಯ ಗೂಡಿನಲ್ಲಿ ಇಲ್ಲ. ಕೊನೆಗೆ ಅವನದೇ ಕಚೇರಿಯ ವಿಮೆಯ ಕಾಗದಗಳ ನಡುವೆ ಸಿಕ್ಕಿತು. ಅದನ್ನು ನೋಡಿದರೆ ಬಸಿರು ನಿಂತದ್ದೇ ಲೆಕ್ಕಕ್ಕಿಂತ ನಾಲ್ಕು ವಾರ ತಡವಾಗಿ. ಕೂಸಿಗೆ ಆಗ ಮೂವತ್ತೈದು ವಾರ, ತೂಕ ಸರಿಯಾಗಿಯೇ ಇತ್ತು. ನಾಲ್ಕು ವಾರ ಕಾದೆವು. ಎರಡು ಕಿಲೋ ಎಂಟುನೂರು ಗ್ರಾಮಿನ ಹೆಣ್ಣುಕೂಸು ತಾನಾಗಿಯೇ ಬಂದಿತು.

ಹದಿನಾಲ್ಕು ವಾರದೊಳಗಿನ ಸ್ಕ್ಯಾನ್ ಕೂಸಿನ ವಯಸ್ಸನ್ನು ಐದರಿಂದ ಏಳು ದಿನಗಳ ವ್ಯತ್ಯಾಸದೊಳಗೆ ಹೇಳಬಲ್ಲದು. ಕೊನೆಯ ತಿಂಗಳಲ್ಲಿ ಮಾಡಿದರೆ ಮೂರು ವಾರವೂ ತಪ್ಪಬಹುದು. ಆಗ ಕೂಸುಗಳು ಒಂದೊಂದು ಒಂದೊಂದು ಗಾತ್ರಕ್ಕೆ ಬೆಳೆದಿರುತ್ತವೆ. ಆದ್ದರಿಂದ ಮೊದಲನೆಯ ಚೀಟಿಯೇ ಎಲ್ಲಕ್ಕಿಂತ ಬೆಲೆಯುಳ್ಳದ್ದು.

ಇನ್ನು ಮುಹೂರ್ತದ ಮಾತು. ಶಸ್ತ್ರಕ್ರಿಯೆಯಿಂದ ಹೆರಿಗೆ ಎಂದು ನಿಶ್ಚಯವಾದರೆ ಸಾಕು, ಅಮಾವಾಸ್ಯೆ ತಪ್ಪಿಸಿ, ಮೂಲಾ ನಕ್ಷತ್ರ ತಪ್ಪಿಸಿ, ಜೋಯಿಸರಿಂದ ದಿನ ಬರೆಸಿಕೊಂಡು ಬರುವ ಮನೆಗಳು ಇಂದು ನಗರಗಳಲ್ಲಿ ಬೇಕಾದಷ್ಟು. ಎರಡು ಒಳ್ಳೆಯ ದಿನಗಳಲ್ಲಿ ಒಂದನ್ನು ಆರಿಸುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಮ್ಮ ಹುಡುಗಿಗೆ ಅಕ್ಟೋಬರ್ 10ಕ್ಕೆ ಮೂವತ್ತೊಂಬತ್ತು ವಾರ ತುಂಬುವಾಗ, ಗುರುಬಲ ಚೆನ್ನಾಗಿದೆಯೆಂದು ಸೆಪ್ಟೆಂಬರ್ 26ಕ್ಕೇ ಕೂಸನ್ನು ಹೊರತೆಗೆಯಿರಿ ಎಂದರೆ ಒಪ್ಪಲಾಗದು. ಮೂವತ್ತೈದನೆಯ ವಾರದಲ್ಲಿ ಕೂಸಿನ ಮಿದುಳು ತುಂಬಿದ ತಿಂಗಳ ಮಿದುಳಿನ ಮೂರರಲ್ಲಿ ಎರಡು ಪಾಲಿನಷ್ಟೇ ತೂಗುತ್ತದೆ. ಕೊನೆಯ ವಾರಗಳಲ್ಲಿಯೂ ಅದು ಬೆಳೆಯುತ್ತಲೇ ಇರುತ್ತದೆ. ವೈದ್ಯಕೀಯ ಕಾರಣವಿಲ್ಲದೆ ಮೂವತ್ತೊಂಬತ್ತಕ್ಕೆ ಮೊದಲು ಹೆರಿಗೆ ಬೇಡವೆಂದು ಹೇಳುವುದು ಇದಕ್ಕಾಗಿಯೇ. ಅವಸರದಿಂದ ತೆಗೆದ ಕೂಸು ಉಸಿರಿಗೆ ಒದ್ದಾಡಿ ಗಾಜಿನ ಪೆಟ್ಟಿಗೆ ಸೇರಿದರೆ ಆ ಲಗ್ನದ ಫಲವನ್ನು ಯಾರು ಉಣ್ಣಬೇಕು?

ಕೊನೆಯ ಮೂರು ತಿಂಗಳಲ್ಲಿ ಬಸುರಿಗೆ ಒಂದೇ ಒಂದು ಕೆಲಸವನ್ನು ತಪ್ಪದೆ ಒಪ್ಪಿಸುತ್ತೇನೆ. ತನ್ನ ಕೂಸು ದಿನದ ಯಾವ ಹೊತ್ತಿನಲ್ಲಿ ಎಷ್ಟು ಮಿಸುಕುತ್ತದೆಂಬುದನ್ನು ಆಕೆ ಅರಿತಿರಬೇಕು. ಆ ರೂಢಿ ಎಂದಾದರೂ ಕಡಿಮೆಯಾಯಿತೆಂದು ಅನ್ನಿಸಿದರೆ ಅದೇ ದಿನ, ರಾತ್ರಿಯಾದರೆ ಅದೇ ರಾತ್ರಿ, ಆಸ್ಪತ್ರೆಗೆ ಹೋಗಬೇಕು. ಹೆರಿಗೆ ಹತ್ತಿರವಾದಾಗ ಕೂಸು ಸುಮ್ಮನಾಗುತ್ತದೆಂದು ಹಿರಿಯರು ಹೇಳುವುದುಂಟು. ಅದು ನಿಜವಲ್ಲ. ಒದೆತದ ಬಗೆ ಬದಲಾಗಬಹುದು, ಒದೆತ ನಿಲ್ಲಕೂಡದು. ನಾಳೆ ಶುಕ್ರವಾರ ನೋಡೋಣ ಎಂದು ಕಾದ ಮನೆಗಳ ಕಥೆಯನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ.

ಮದುವೆಯಾದ ಹೆಣ್ಣುಮಕ್ಕಳು ತಮ್ಮ ಕೋಣೆಯ ಕ್ಯಾಲೆಂಡರಿನಲ್ಲಿ ಪ್ರತಿ ಸಲ ಮುಟ್ಟಾದ ದಿನಕ್ಕೆ ಒಂದು ಚುಕ್ಕೆ ಇಟ್ಟುಕೊಳ್ಳಲಿ. ಹಾಲಿನ ಲೆಕ್ಕಕ್ಕೂ ಅಗಸನ ಲೆಕ್ಕಕ್ಕೂ ಗುರುತು ಹಾಕುವ ಹಾಳೆಯಲ್ಲಿ ಇದಕ್ಕೂ ಜಾಗವುಂಟು. ಬಸಿರು ನಿಂತ ಮೇಲೆ ಆ ದಿನಾಂಕವನ್ನು ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಬರೆಸಿ, ಮೊದಲ ಸ್ಕ್ಯಾನಿನ ಚೀಟಿಯನ್ನು ಅದರೊಳಗೆ ಇಟ್ಟು, ಚೊಚ್ಚಲ ಹೆರಿಗೆಗೆ ತವರಿಗೆ ಹೊರಡುವಾಗ ಬಳೆ, ಸೀರೆಗಳಿಗಿಂತ ಮೊದಲು ಅದನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಅಲ್ಲಿಯ ವೈದ್ಯರು ಆಕೆಯನ್ನು ಕಾಣುವುದು ಅದೇ ಮೊದಲು.

ಬಾಣಂತಿಗೆ ನೀರು ಕೊಡಬಾರದೇ, ತಲೆಗೆ ಬಟ್ಟೆ ಕಟ್ಟಲೇಬೇಕೇ ಎಂದು ಕೇಳಿದ ಸೋದರಿಯರಿಗೆ ಉತ್ತರ ಮುಂದಿನ ವಾರ.